ಹುಲ್ಲಿನ ಹ್ಯಾಟಿಗೆ ಅರಗು: ಗಂಜಿ, ಗಮ್ಮು ಎಲ್ಲ ಸೋತ ಮೇಲೆ

ಹಳೇ ಹುಲ್ಲಿನ ಹ್ಯಾಟು ಒಮ್ಮೆ ಮೆತ್ತಗಾದರೆ ಮತ್ತೆ ಸೆಟೆದು ನಿಲ್ಲೋದಿಲ್ಲ ಅಂತ ಹುಬ್ಬಳ್ಳಿಯ ಹಳೇ ಸಾಮಾನಿನವರೂ ಹೇಳಿದರು, ನಾಟಕದ ಡ್ರೆಸ್ಸಿನವರೂ ಹೇಳಿದರು. ನಿಲ್ಲುತ್ತದೆ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಎರಡು ಮಳೆಗಾಲ ಇಟ್ಟು ನೋಡಿಯೇ ಬರೆಯುತ್ತಿದ್ದೇನೆ, ಅಂಚು ಜೋತುಬಿದ್ದಿಲ್ಲ.

ಮೊದಲು ಸೋತದ್ದು ಗಂಜಿ. ಬೆಟಗೇರಿಯಲ್ಲಿ ನೇಕಾರರು ಮಗ್ಗದ ಹಾಸಿನ ನೂಲಿಗೆ ಹಾಕುತ್ತಾರಲ್ಲ, ಹ್ಯಾಟಿಗೇಕೆ ಬೇಡ ಅಂದುಕೊಂಡಿದ್ದೆ. ನೂಲಿನ ಗಂಜಿ ನೇಯುವ ತನಕ ಹಿಡಿದರೆ ಸಾಕು, ಆಮೇಲೆ ತೊಳೆದು ಹೋಗುತ್ತದೆ. ಹ್ಯಾಟಿನದು ಹಾಗಲ್ಲ. ಆಷಾಢದ ಥಂಡಿ ಕುಡಿದು ವಾರದಲ್ಲೇ ಮೆತ್ತಗಾಯಿತು, ಸಾಲದ್ದಕ್ಕೆ ಜಿರಳೆ ಮುತ್ತಿದವು. ಬಡಗಿಯ ಬಿಳಿ ಗಮ್ಮನ್ನು ಒಂದಕ್ಕೆ ನಾಲ್ಕು ನೀರು ಬೆರೆಸಿ ಹಚ್ಚಿದರೆ ಗಟ್ಟಿಯೇನೋ ಆಯಿತು, ಆದರೆ ಪ್ಲಾಸ್ಟಿಕ್ ಹೊಳಪು ಬಂತು. ಮುಂದೆ ಹಬೆ ಕೊಟ್ಟಾಗ ಕೈಗಂಟುವ ಅಂಟು. ಜಾಲಿ ಅಂಟು ಹಕ್ಕಳೆಯಾಗಿ ಉದುರಿತು. ಜೆಲಾಟಿನ್ ಇವೆಲ್ಲಕ್ಕಿಂತ ವಾಸಿ, ಬೇಸಿಗೆಯಲ್ಲಿ ಮಾತ್ರ. ಇಷ್ಟರಲ್ಲಿ ಮೂರು ಹ್ಯಾಟು ಕೆಟ್ಟವು, ಸುಮಾರು ₹2,000 ಹೋಯಿತು.

ಉಳಿದದ್ದು ಅರಗು. ಮರದ ಸಾಮಾನಿನ ಫ್ರೆಂಚ್ ಪಾಲಿಶಿಗೆ ಬಳಸುವ ಅದೇ ಹಕ್ಕಳೆ ಅರಗು (ಶೆಲ್ಲಾಕ್), ಆದರೆ ಮೇಣ ತೆಗೆದದ್ದು. ಕೆಂಪು ಅರಗು ಬಿಳಿ ಹುಲ್ಲನ್ನು ಹಳದಿ ಮಾಡುತ್ತದೆ, ತಿಳಿ ಬಣ್ಣದ್ದೇ ಬೇಕು. ಒಂದು ಲೀಟರ್ ಸ್ಪಿರಿಟ್ಟಿಗೆ 60 ಗ್ರಾಂ ಹಾಕಿ, ರಾತ್ರಿಯಿಡೀ ನೆನೆಸಿ, ಮಲ್ ಬಟ್ಟೆಯಲ್ಲಿ ಸೋಸುತ್ತೇನೆ. ಪೀಠೋಪಕರಣಕ್ಕೆ ಹಾಕುವಂತೆ 120 ಗ್ರಾಂ ಹಾಕಿದ ಹ್ಯಾಟು ಹಪ್ಪಳದಂತಾಗಿ, ಮುಂದೆ ಬೆರಳಿಂದ ಹಿಡಿಯುವ ಮಡಿಕೆಯಲ್ಲಿ ಸೀಳಿತು. ಸ್ಪಿರಿಟ್ಟಿನಲ್ಲಿ ನೀರು ಬೆರೆತಿದ್ದರೆ ಅರಗು ಹಾಲಿನಂತೆ ಬೆಳ್ಳಗಾಗುತ್ತದೆ. ಅಂಥ ಅರ್ಧ ಲೀಟರ್ ಚೆಲ್ಲಿದ್ದೇನೆ. ಅರಗು ಬಿರಿಯದಿರಲು ನಾನು ಒಂದು ಎಣ್ಣೆಯ ಕೆಲವು ಹನಿ ಸೇರಿಸುತ್ತೇನೆ. ಯಾವ ಎಣ್ಣೆ, ಎಷ್ಟು ಹನಿ ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಆದರೆ ಅರಗಿಗಿಂತ ಹೆಚ್ಚು ಕೈಕೊಡುವುದು ಅಚ್ಚು. ಮೊದಲು ಡಬರಿ ಬೋರಲು ಹಾಕಿ ಅದರ ಮೇಲೆ ಹ್ಯಾಟು ಕೂರಿಸುತ್ತಿದ್ದೆ. ಡಬರಿ ದುಂಡಗೆ, ತಲೆ ಮೊಟ್ಟೆಯಾಕಾರ. ಒಣಗಿದ ಮೇಲೆ ಹ್ಯಾಟು ಕಿವಿಯ ಬಳಿ ಸಡಿಲ, ಹಣೆಗೆ ಬಿಗಿ. ಸುಮಾರು 57 ಸೆಂ.ಮೀ. ಸುತ್ತಳತೆಗೆ ಹಿಂದೆಮುಂದೆ 20, ಅಡ್ಡ 16.5 ಸೆಂ.ಮೀ. ಬರುವಂತೆ ಮಾವಿನ ಮರದಲ್ಲಿ ಅಚ್ಚು ಮಾಡಿಸಿದೆ, ₹1,200 ಇರಬೇಕು. ಮರದ ಕರೆ ಹುಲ್ಲಿಗೆ ಹತ್ತದಂತೆ ಮೇಲೊಂದು ತೆಳು ಪ್ಲಾಸ್ಟಿಕ್ ಹಾಳೆ.

ಚರ್ಮದ ಒಳಪಟ್ಟಿ ಬಿಚ್ಚದೆ ಹಬೆ ಕೊಡಬೇಡಿ, ಚರ್ಮ ಮುದುಡಿ ಹ್ಯಾಟನ್ನೂ ಎಳೆದುಕೊಳ್ಳುತ್ತದೆ. ಒಣ ಹುಲ್ಲನ್ನು ಬಗ್ಗಿಸಿದರೆ ಮುರಿಯುವುದು ಖಂಡಿತ. ಒದ್ದೆ ಬಟ್ಟೆಯಲ್ಲಿ ಎರಡು ಮೂರು ತಾಸು ಸುತ್ತಿಟ್ಟು, ಆಮೇಲೆ ಕೆಟಲ್ ಹಬೆಯನ್ನು ಒಳಗಿನಿಂದ ಒಂದೊಂದು ಭಾಗಕ್ಕೆ ಅರ್ಧ ನಿಮಿಷ ಹಿಡಿದು, ಅಚ್ಚಿಗೆ ಎಳೆದು ಬುಡಕ್ಕೆ ಹತ್ತಿಯ ಲಾಡಿ ಬಿಗಿಯುತ್ತೇನೆ. ಸುತಳಿ ಕಟ್ಟಿದರೆ ಕಂದು ಕಲೆ ಉಳಿಯುತ್ತದೆ. ಅಂಚಿಗೆ ಒದ್ದೆ ಬಟ್ಟೆ ಹಾಸಿ ಮಧ್ಯಮ ಬಿಸಿ ಇಸ್ತ್ರಿ. ನಂತರ ಅಚ್ಚು ತೂರುವಷ್ಟು ತೂತು ಕೊರೆದ ಎರಡು ಪ್ಲೈವುಡ್ ನಡುವೆ ಅಂಚನ್ನು ಇಟ್ಟು, ಸುತ್ತ ಕಡಪಾ ಕಲ್ಲಿನ ತುಂಡು ಹೇರುತ್ತೇನೆ. ನೆರಳಲ್ಲಿ, ಫ್ಯಾನಿನಡಿ, ಒಂದೂವರೆ ದಿನ. ಅವಸರ ಮಾಡಿ ಬಿಸಿಲಿಗಿಟ್ಟರೆ ಹುಲ್ಲು ಪೆಡಸಾಗುತ್ತದೆ.

ಪೂರ್ತಿ ಒಣಗಿದ ಮೇಲೆಯೇ ಅರಗು, ಅದೂ ಒಳಗಿನಿಂದ, ಸ್ಪ್ರೇ ಬಾಟಲಿಯಲ್ಲಿ. ಹೊರಗೆ ಹೊಳಪು ಕಾಣಬಾರದು. ಮೂರು ತೆಳು ಸಲ, ನಡುವೆ ಮುಕ್ಕಾಲು ತಾಸು. ಒಲೆ ಆರಿಸಿ, ಕಿಟಕಿ ತೆಗೆದಿಡಿ. ಸ್ಪಿರಿಟ್ ಹಬೆ ಬೇಗ ಹೊತ್ತಿಕೊಳ್ಳುತ್ತದೆ. ಮಳೆ ಹಿಡಿದ ದಿನ ಹೊಡೆದರೆ ಬಿಳಿ ಮಂಜು ಕೂರುತ್ತದೆ. ಹೆದರಬೇಡಿ, ಒಣ ಹವೆಯ ದಿನ ಬರೀ ಸ್ಪಿರಿಟ್ ತೆಳುವಾಗಿ ಸಿಂಪಡಿಸಿದರೆ ಹೋಗುತ್ತದೆ.

ಈಕ್ವೆಡಾರ್‌ನ ಟೊಕಿಯಾ ಗಿಡದ ಎಳೆಯಿಂದ ನೇಯ್ದ ಪನಾಮಾ ಹ್ಯಾಟಿಗೆ ಇಷ್ಟು ಬೇಡ, ಒಂದೇ ಸಲ ಸಾಕು. ಅದರ ಚೆಲುವೇ ಬಳುಕುವುದರಲ್ಲಿದೆ. ಹುಲ್ಲಿನ ಜಡೆಯನ್ನು ಸುರುಳಿ ಹೊಲಿದ ಚಪ್ಪಟೆ ನೆತ್ತಿಯ ಬೋಟರ್ ಹ್ಯಾಟಿಗೆ ನಾಲ್ಕು ಸಲವೂ ಆಗಬಹುದು. ಸೋಲಾ ಟೋಪಿಯ ಮೇಲೂ ಪ್ರಯತ್ನಿಸಿದೆ, ತಪ್ಪಾಯಿತು. ಅದರ ಒಳಗಿರುವುದು ಹುಲ್ಲಲ್ಲ, ಬೆಂಡು, ಹಬೆಗೆ ಸೊಟ್ಟಗಾಯಿತು.

ಈಗ ಒಂದು ಹ್ಯಾಟಿಗೆ 150 ಮಿ.ಲೀ. ದ್ರಾವಣ, ಅಂದರೆ ₹40–50. ಕೂಲಿ ಬೇರೆ. ಒಳಪಟ್ಟಿಯನ್ನು ಎರಡು ದಿನ ಬಿಟ್ಟು, ಹಳೇ ತೂತುಗಳಲ್ಲೇ ಸೂಜಿ ತೂರಿಸಿ ಹೊಲಿಯಿರಿ. ಹೊಸ ತೂತು ಹಾಕಿದರೆ ಗಟ್ಟಿಯಾದ ಹುಲ್ಲು ಆ ಸಾಲಿನುದ್ದಕ್ಕೂ ಕತ್ತರಿಸಿಕೊಂಡು ಬರುತ್ತದೆ.