ಟ್ರಾನ್ಸ್‌ಫರ್ ಕೇಸಿಗೆ ನೀರು ಹೊಕ್ಕ ಬಗೆ: ನನ್ನ ಅನುಭವ

ಹೊಸನಗರ ತಾಲ್ಲೂಕಿನ ನಮ್ಮ ಮನೆಗೂ ಅಡಿಕೆ ತೋಟಕ್ಕೂ ನಡುವೆ ಒಂದು ಹಳ್ಳವಿದೆ. ಬೇಸಿಗೆಯಲ್ಲಿ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಾಟಬಹುದಾದ ಆ ಹಳ್ಳದಲ್ಲಿ, ಆಷಾಢ ಹಿಡಿದ ಮೇಲೆ ಗಾಡಿಯ ಚಕ್ರದ ನಡುವಿನ ಹಬ್ ಮುಳುಗುವಷ್ಟು ನೀರು ಹರಿಯುತ್ತದೆ. ನನ್ನ ಬಳಿ ಇರುವ 1.3 ಲೀಟರ್ ಎಂಜಿನ್ನಿನ ಹಳೆಯ ಮಾರುತಿ ಜಿಪ್ಸಿಯನ್ನು ಹನ್ನೊಂದು ಮಳೆಗಾಲ ಈ ಹಳ್ಳ ದಾಟಿಸಿದ್ದೇನೆ. ಈ ಅವಧಿಯಲ್ಲಿ ಅದರ ಟ್ರಾನ್ಸ್‌ಫರ್ ಕೇಸನ್ನು, ಅಂದರೆ ಗೇರ್‌ಬಾಕ್ಸಿನಿಂದ ಬರುವ ಬಲವನ್ನು ಹಿಂದಿನ, ಮುಂದಿನ ಚಕ್ರಗಳಿಗೆ ಹಂಚುವ ಗೇರ್ ಪೆಟ್ಟಿಗೆಯನ್ನು, ಎರಡು ಸಲ ಕೆಳಗಿಳಿಸಿದ್ದಾಯಿತು. ಮೊದಲನೆಯದು ನನ್ನ ಅಲಕ್ಷ್ಯದಿಂದ, ಎರಡನೆಯದು ನನ್ನ ಅವಸರದಿಂದ.

ಫೋರ್ ವ್ಹೀಲ್ ಹಾಕದಿದ್ದರೆ ಟ್ರಾನ್ಸ್‌ಫರ್ ಕೇಸಿಗೆ ಕೆಲಸವಿಲ್ಲ ಎಂದು ನಾನೂ ಬಹುಕಾಲ ನಂಬಿದ್ದೆ. ಜಿಪ್ಸಿಯಲ್ಲಿ ಈ ಪೆಟ್ಟಿಗೆ ಗೇರ್‌ಬಾಕ್ಸಿನಿಂದ ಬೇರೆಯಾಗಿ, ಚಾಸಿಗೆ ರಬ್ಬರ್ ಬುಷ್‌ಗಳ ಮೇಲೆ ಕುಳಿತಿರುತ್ತದೆ. ಎರಡರ ನಡುವೆ ಒಂದು ಗಿಡ್ಡ ಶಾಫ್ಟ್ ಇರುತ್ತದೆ. ಮಾಮೂಲಿ ಓಟದ ಹೈ ರೇಂಜಿನಲ್ಲಿಯೂ ಅದರ ಗೇರ್ ಅನುಪಾತ 1.409, ಏರು-ಕೆಸರಿಗೆ ಬಳಸುವ ನಿಧಾನದ ಲೋ ರೇಂಜಿನಲ್ಲಿ 2.268; ಎರಡರಲ್ಲೂ ಬಲ ನೇರವಾಗಿ ದಾಟಿಹೋಗುವುದಿಲ್ಲ. ಅಂದರೆ ಡಾಂಬರು ರಸ್ತೆಯಲ್ಲಿ ಶಿವಮೊಗ್ಗಕ್ಕೆ ಹೋಗಿ ಬರುವಾಗಲೂ ಎಂಜಿನ್ನಿನ ಬಲವೆಲ್ಲ ಆ ಪೆಟ್ಟಿಗೆಯ ಹಲ್ಲುಗಳ ಮೂಲಕವೇ ಹಿಂದಿನ ಚಕ್ರಕ್ಕೆ ಹೋಗಬೇಕು. ಇಷ್ಟು ಕೆಲಸ ಮಾಡುವ ಭಾಗದೊಳಗೆ ಇರುವ ಗೇರ್ ಆಯಿಲ್ ಸುಮಾರು ಮುಕ್ಕಾಲು ಲೀಟರಿಗಿಂತ ತುಸು ಹೆಚ್ಚು, ಅಷ್ಟೇ. ಅದರಲ್ಲಿ ಕಾಲು ಲೀಟರ್ ಸೋರಿದರೂ, ಎರಡು ಲೋಟ ನೀರು ಸೇರಿದರೂ ಬೇರಿಂಗುಗಳು ಬಹಳ ದಿನ ತಾಳಲಾರವು.

ನನ್ನ ಗಾಡಿಯಲ್ಲಿ ಸೇರಿದ್ದು ನೀರು. ಮಳೆಗಾಲ ಮುಗಿಯುವ ಹೊತ್ತಿಗೆ ನೆಲದಡಿಯಿಂದ ಕೊರಗಿದಂಥ ಸದ್ದು ಶುರುವಾಯಿತು. ಡ್ರೈನ್ ಪ್ಲಗ್ ಬಿಚ್ಚಿದಾಗ ಬಂದದ್ದು ಹಾಲು ಹೆಚ್ಚಾದ ಕಾಫಿಯ ಬಣ್ಣದ, ಬೆರಳಿಗೆ ಅಂಟದ ದ್ರವ. ಶಾಫ್ಟಿನ ಸುತ್ತ ಎಣ್ಣೆ ತಡೆಯುವ ರಬ್ಬರ್ ಸೀಲ್ ಹೋಗಿದೆ ಎಂದು ಹೊಸ ಸೀಲ್ ಹಾಕಿಸಿದೆ. ಮರುವರ್ಷ ಮತ್ತೆ ಅದೇ ಬಣ್ಣ. ಆಗ ಕಂಡದ್ದು ಪೆಟ್ಟಿಗೆಯ ಮೇಲಿನ ಬ್ರೀದರ್, ಅಂದರೆ ಒಳಗಿನ ಗಾಳಿ ಹೋಗಿಬರುವ ಕಿಂಡಿ; ಕೆಂಪು ಮಣ್ಣು ಕಟ್ಟಿ ಕಲ್ಲಾಗಿತ್ತು. ತೋಟದ ಏರನ್ನು ಲೋ ರೇಂಜಿನಲ್ಲಿ ಹತ್ತಿಳಿದು ಕಾದ ಪೆಟ್ಟಿಗೆ ತಣ್ಣನೆಯ ಹಳ್ಳಕ್ಕೆ ಇಳಿದಾಗ ಒಳಗಿನ ಗಾಳಿ ಒಮ್ಮೆಲೇ ಕುಗ್ಗುತ್ತದೆ. ಉಸಿರಾಡುವ ದಾರಿ ಕಟ್ಟಿದ್ದರೆ ಸೀಲಿನ ಅಂಚಿನಿಂದಲೇ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಆಯಿಲ್ ಸೀಲಿನ ತುಟಿ ಒಳಗಿನ ಎಣ್ಣೆಯನ್ನು ತಡೆಯಲು ಮಾಡಿದ್ದೇ ಹೊರತು ಹೊರಗಿನ ನೀರನ್ನಲ್ಲ. ಆದ್ದರಿಂದ ಸೀಲನ್ನು ಎಷ್ಟು ಸಲ ಬದಲಿಸಿದ್ದರೂ ಪ್ರಯೋಜನವಾಗುತ್ತಿರಲಿಲ್ಲ.

ಆ ಸಲ ಪೆಟ್ಟಿಗೆ ಇಳಿಸಿ ಎರಡು ಬೇರಿಂಗ್ ಬದಲಾಯಿಸಿದ ಮೇಲೆ, ಬ್ರೀದರಿನ ಜಾಗಕ್ಕೆ ಲೇತಿನಲ್ಲಿ ಒಂದು ಹಿತ್ತಾಳೆಯ ನಿಪ್ಪಲ್ ಮಾಡಿಸಿ, ಎಣ್ಣೆಗೆ ಹಾಳಾಗದ ರಬ್ಬರ್ ಪೈಪು ಸಿಕ್ಕಿಸಿ, ಅದನ್ನು ಎಂಜಿನ್ ಕೋಣೆಯಲ್ಲಿ ಬಾನೆಟ್ಟಿನ ಎತ್ತರದವರೆಗೆ ಒಯ್ದೆ. ಪೈಪು ನಡುವೆ ಎಲ್ಲಿಯೂ ಜೋತುಬೀಳಬಾರದು. ಜೋತುಬಿದ್ದಲ್ಲಿ ಬೆವರಿನ ನೀರು ನಿಂತು ಮತ್ತೆ ಉಸಿರು ಕಟ್ಟುತ್ತದೆ. ತುದಿಯನ್ನು ತೆರೆದು ಬಿಟ್ಟಿದ್ದ ಮೊದಲ ವರ್ಷ ಕಣಜವೊಂದು ಅದರೊಳಗೆ ಮಣ್ಣಿನ ಗೂಡು ಕಟ್ಟಿತು. ಈಗ ಬೈಕಿನ ಪೆಟ್ರೋಲ್ ಫಿಲ್ಟರೊಂದನ್ನು ತುದಿಗೆ ಸಿಕ್ಕಿಸಿದ್ದೇನೆ. ಅಲ್ಲಿಂದ ಈಚೆಗೆ ಎಣ್ಣೆ ಬಿಳಿಯಾಗಿಲ್ಲ.

ಎಣ್ಣೆ ಪರೀಕ್ಷೆಗೆ ನಾನು ಇಟ್ಟುಕೊಂಡಿರುವ ಕ್ರಮ ಸರಳವಾದುದು. ಗಾಡಿಯನ್ನು ಅಡಿಕೆ ಒಣಗಿಸುವ ಸಮತಟ್ಟಾದ ಅಂಗಳದಲ್ಲಿ ಒಂದು ರಾತ್ರಿ ನಿಲ್ಲಿಸಿ, ಬೆಳಿಗ್ಗೆ ಅಲುಗಿಸದೆ ಡ್ರೈನ್ ಪ್ಲಗ್ಗನ್ನು ತುಸು ಸಡಿಲಿಸುತ್ತೇನೆ. ನೀರು ಭಾರವಾದ್ದರಿಂದ ತಳದಲ್ಲಿ ನಿಂತಿರುತ್ತದೆ. ಇದ್ದರೆ ಮೊದಲ ಹನಿಗಳಲ್ಲೇ ಕಾಣುತ್ತದೆ. ಪೂರ್ತಿ ಬದಲಿಸುವುದು ಆಯುಧ ಪೂಜೆಗೆ ಮೊದಲು, ಗಾಡಿ ಓಡಿಸಿ ಎಣ್ಣೆ ಬೆಚ್ಚಗಾದ ಮೇಲೆ. ತಟ್ಟೆಗೆ ಇಳಿದ ಎಣ್ಣೆಯಲ್ಲಿ ಸಣ್ಣ ಅಯಸ್ಕಾಂತ ಆಡಿಸಿದಾಗ ಬೂದಿಯಂಥ ನುಣುಪು ಕೆಸರು ಬಂದರೆ ಚಿಂತೆಯಿಲ್ಲ, ಚುಚ್ಚುವ ಚೂರು ಬಂದರೆ ಪೆಟ್ಟಿಗೆ ಬಿಚ್ಚಲೇಬೇಕು. ಡ್ರೈನ್ ಪ್ಲಗ್ ಮುಟ್ಟುವ ಮುನ್ನ ಎಣ್ಣೆ ತುಂಬುವ ಪ್ಲಗ್ ಬಿಚ್ಚುತ್ತದೆಯೇ ಎಂದು ನೋಡಿಕೊಳ್ಳಬೇಕು. ಒಮ್ಮೆ ಎಣ್ಣೆಯೆಲ್ಲ ಇಳಿಸಿಯಾದ ಮೇಲೆ ಮೇಲಿನ ಪ್ಲಗ್ ತುಕ್ಕು ಹಿಡಿದು ಅಲುಗದೆ, ಗಾಡಿ ಎರಡು ದಿನ ಅಂಗಳದಲ್ಲೇ ಕುಳಿತಿತ್ತು, ಮನೆಯವರ ಮಾತು ಬೇರೆ.

ಎರಡನೆಯ ಸಲ ಪೆಟ್ಟಿಗೆ ಇಳಿಸಿದ್ದು ಇನ್ನೊಂದು ಸದ್ದಿಗಾಗಿ. ಬಿಚ್ಚಿ ನೋಡಿದರೆ ಒಳಗೆ ಎಲ್ಲವೂ ಸರಿಯಾಗಿತ್ತು. ಹಾಳಾಗಿದ್ದು ಗಿಡ್ಡ ಶಾಫ್ಟಿನ ತುದಿಯ ಕೀಲಿನಲ್ಲಿರುವ ಕ್ರಾಸ್, ಗ್ರೀಸ್ ಕಾಣದೆ ಒಣಗಿದ್ದು. ಈಗ ಸದ್ದು ಬಂದರೆ ಪಾನ ಹಿಡಿಯುವ ಮುನ್ನ ಇಷ್ಟು ಮಾಡುತ್ತೇನೆ. ಮುಖ್ಯ ಗೇರ್ ನ್ಯೂಟ್ರಲ್‌ನಲ್ಲಿಟ್ಟು ಕ್ಲಚ್ ಬಿಟ್ಟಾಗಲೂ ಸದ್ದಿದ್ದರೆ ದೋಷ ಗೇರ್‌ಬಾಕ್ಸಿನದು ಅಥವಾ ಅದಕ್ಕಿಂತ ಮುಂದೆ ಎಂಜಿನ್ನಿನ ಕಡೆಯದು. ಟ್ರಾನ್ಸ್‌ಫರ್ ಲಿವರನ್ನು ನ್ಯೂಟ್ರಲ್‌ಗೆ ತಂದು, ಮುಖ್ಯ ಗೇರ್ ಹಾಕಿ ಕ್ಲಚ್ ಬಿಟ್ಟಾಗ ಬಂದರೆ ಗಿಡ್ಡ ಶಾಫ್ಟು ಅಥವಾ ಪೆಟ್ಟಿಗೆಯ ಒಳಬರುವ ಭಾಗ. ಗಾಡಿ ಓಡುವಾಗ ಮಾತ್ರ ಬಂದರೆ ಹೊರಹೋಗುವ ಭಾಗ, ಅಲ್ಲಿಂದ ಚಕ್ರಗಳ ಕಡೆಗೆ ಹೋಗುವ ಪ್ರೊಪೆಲ್ಲರ್ ಶಾಫ್ಟುಗಳು ಅಥವಾ ಅವುಗಳಿಂದಾಚೆಗಿನದು. ಆದರೆ ಟ್ರಾನ್ಸ್‌ಫರ್ ನ್ಯೂಟ್ರಲ್‌ನಲ್ಲಿರುವಾಗ ಗೇರ್ ಹಾಕಿದ್ದರೂ ಗಾಡಿ ಉರುಳುತ್ತದೆ ಎಂಬುದನ್ನು ನಮ್ಮಂಥ ಇಳಿಜಾರಿನ ಊರಿನವರು ಮರೆಯುವಂತಿಲ್ಲ; ಚಕ್ರಕ್ಕೆ ಕಲ್ಲು ಕೊಡದೆ ಈ ಪರೀಕ್ಷೆ ಮಾಡಬಾರದು.

ಲೋ ರೇಂಜ್ ತಾನಾಗಿ ಕಳಚುತ್ತಿದ್ದಾಗಲೂ ಗೇರನ್ನು ಹಿಡಿದಿಡುವ ಒಳಗಿನ ಸ್ಪ್ರಿಂಗನ್ನು ದೂರುವ ಮೊದಲು ಪೆಟ್ಟಿಗೆಯ ರಬ್ಬರ್ ಬುಷ್‌ಗಳನ್ನು ನೋಡಿದೆ. ಒಂದು ಹರಿದು, ಏರಿನಲ್ಲಿ ಪೆಟ್ಟಿಗೆ ಹೊರಳಿ ಲಿವರ್ ನೆಲದ ತಗಡಿಗೆ ತಾಗುತ್ತಿತ್ತು. ತೋಟದಿಂದ ಬಂದು ಡಾಂಬರಿಗೆ ಏರಿದ ಮೇಲೆ ಫೋರ್ ವ್ಹೀಲ್ ಲಿವರ್ ಕದಲದಿದ್ದರೆ ಅದು ಕೆಟ್ಟಿದೆ ಎಂದಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಓಡಬೇಕು, ಆದರೆ ಫೋರ್ ವ್ಹೀಲಿನಲ್ಲಿ ಎರಡೂ ಕಡೆಯ ಶಾಫ್ಟುಗಳು ಒಟ್ಟಿಗೇ ತಿರುಗುತ್ತವೆ. ಸಮ ರಸ್ತೆಯಲ್ಲಿ ಜಾರಲು ಆಸ್ಪದವಿಲ್ಲದೆ ಹಲ್ಲುಗಳು ಬಿಗಿದುಕೊಂಡಿರುತ್ತವೆ. ನೇರವಾಗಿ ಹತ್ತು ಅಡಿ ಹಿಂದಕ್ಕೆ ತಂದರೆ ಲಿವರ್ ಹೂವೆತ್ತಿದಂತೆ ಬರುತ್ತದೆ.

ಈಗ ಹಿಂದಿನ ಶಾಫ್ಟಿನ ಸೀಲಿನಿಂದ ದಿನಕ್ಕೊಂದು ಹನಿ ಬೀಳುತ್ತಿದೆ. ಗೇರ್‌ಬಾಕ್ಸಿನಿಂದ ಹರಿದುಬಂದದ್ದೇ ಎಂದು ತಿಳಿಯಲು ಎರಡನ್ನೂ ಒರೆಸಿ ಮುಖದ ಪೌಡರ್ ಉದುರಿಸಿ ಓಡಿಸಿದೆ. ಒದ್ದೆಯಾದದ್ದು ಟ್ರಾನ್ಸ್‌ಫರ್ ಕೇಸಿನ ಬದಿ ಮಾತ್ರ. ಸೀಲ್ ತಂದಿಟ್ಟಿದ್ದೇನೆ, ಅಡಿಕೆಗೊನೆಯ ಕೊಯ್ಲು ಮುಗಿದ ಮೇಲೆ ಶಾಫ್ಟ್ ಬಿಚ್ಚಬೇಕು.