‘ಎರಡು ವರ್ಷದಿಂದ’ ಎನ್ನಲು ಸಿನ್ಸ್ ಬೇಡ

ರಜೆ ಚೀಟಿ, ಕೆಲಸದ ಅರ್ಜಿ, ಆಫೀಸಿನ ಇಮೇಲ್ ಯಾವುದೇ ಇರಲಿ, ಇಂಗ್ಲಿಷ್‌ನಲ್ಲಿ ಬರೆಯಲು ಕೂತಾಗ ಕೈಕೊಡುವುದು ದೊಡ್ಡ ಪದಗಳಲ್ಲ. ಆ್ಯಟ್, ಆನ್, ಇನ್, ಸಿನ್ಸ್, ಫಾರ್, ಬೈ, ಟಿಲ್‌ನಂಥ ಪುಟ್ಟ ಪ್ರಿಪೊಸಿಷನ್‌ಗಳು. ಕನ್ನಡದಲ್ಲಿ ‘ಇಂದ’, ‘ಒಳಗೆ’, ‘ಗೆ’ ಎಂಬ ಪ್ರತ್ಯಯಗಳಿಗೆ ಒಂದೊಂದಕ್ಕೂ ಎರಡು ಮೂರು ಕೆಲಸ. ಇಂಗ್ಲಿಷ್‌ನಲ್ಲಿ ಆ ಕೆಲಸಗಳಿಗೆ ಬೇರೆ ಬೇರೆ ಪದಗಳಿವೆ. ಹಾಗಾಗಿ ಪ್ರತ್ಯಯ ನೋಡಿ ಪ್ರಿಪೊಸಿಷನ್ ಆರಿಸಿದರೆ ಎಡವುವುದು ಖಚಿತ. ನೋಡಬೇಕಾದ್ದು ವಾಕ್ಯದಲ್ಲಿರುವ ಕಾಲ ಎಂಥದ್ದು ಎಂಬುದನ್ನು.

ಮೊದಲ ಹೆಜ್ಜೆಗೆ ಗೋಡೆಯ ಕ್ಯಾಲೆಂಡರ್ ಸಾಕು. ಗಡಿಯಾರ ನೋಡಿ ಹೇಳುವ ಹೊತ್ತಿಗೆ ಆ್ಯಟ್: ‘ಆ್ಯಟ್ 10.30’, ‘ಆ್ಯಟ್ ನೂನ್’. ಕ್ಯಾಲೆಂಡರ್‌ನ ಒಂದೇ ಚೌಕದಲ್ಲಿ ಹಿಡಿಸುವ ದಿನಕ್ಕೆ ಆನ್: ‘ಆನ್ ಮಂಡೆ’, ‘ಆನ್ 1 ನವೆಂಬರ್ 1956’. ಹಲವು ಚೌಕ ಬೇಕಾಗುವ ತಿಂಗಳು, ವರ್ಷ, ಋತುವಿಗೆ ಇನ್: ‘ಇನ್ ನವೆಂಬರ್’, ‘ಇನ್ 1973’. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು ‘ಇನ್ 1973’. ತಾರೀಖು ಸೇರಿಸಿದ ಕೂಡಲೇ ಅದು ‘ಆನ್ 1 ನವೆಂಬರ್ 1973’ ಆಗುತ್ತದೆ. ವರ್ಷ ಇದ್ದರೂ ತಾರೀಖಿನದೇ ಮೇಲುಗೈ.

ದಿನದ ಭಾಗಗಳಿಗೂ ಇದೇ ಲೆಕ್ಕ. ‘ಇನ್ ದ ಮಾರ್ನಿಂಗ್’, ‘ಇನ್ ದ ಈವ್ನಿಂಗ್’ ಸರಿ. ಆದರೆ ವಾರದ ಹೆಸರು ಅಂಟಿಕೊಂಡರೆ ‘ಆನ್ ಮಂಡೆ ಮಾರ್ನಿಂಗ್’. ರಾತ್ರಿ ಮಾತ್ರ ಹಟಮಾರಿ, ಅದಕ್ಕೆ ‘ಆ್ಯಟ್ ನೈಟ್’. ಹಬ್ಬ ಒಂದು ದಿನದ್ದಾದರೆ ‘ಆನ್ ಯುಗಾದಿ’, ಹಲವು ದಿನದ ದಸರೆಯಾದರೆ ‘ಡ್ಯೂರಿಂಗ್ ದಸರಾ’. ವಾರಾಂತ್ಯಕ್ಕೆ ಬ್ರಿಟಿಷರು ‘ಆ್ಯಟ್ ದ ವೀಕೆಂಡ್’ ಎನ್ನುತ್ತಾರೆ, ಅಮೆರಿಕದವರು ‘ಆನ್ ದ ವೀಕೆಂಡ್’ ಎನ್ನುತ್ತಾರೆ. ಎರಡೂ ಸರಿ, ಜಗಳ ಬೇಡ.

ಏನೂ ಹಾಕದೆ ಬಿಡಬೇಕಾದ ಜಾಗಗಳೂ ಇವೆ. ದಿನದ ಹಿಂದೆ ಲಾಸ್ಟ್, ನೆಕ್ಸ್ಟ್, ದಿಸ್, ಎವ್ರಿ ಬಂದರೆ ಪ್ರಿಪೊಸಿಷನ್ ಬೇಡ. ‘ಆನ್ ನೆಕ್ಸ್ಟ್ ಮಂಡೆ’ ತಪ್ಪು, ‘ನೆಕ್ಸ್ಟ್ ಮಂಡೆ’ ಸಾಕು. ‘ಆನ್ ಟುಮಾರೊ’ ಕೂಡ ಇದೇ ಜಾತಿಯದು. ಇದರ ಜೊತೆಗೇ ತಿದ್ದಿಕೊಳ್ಳಬೇಕಾದ್ದು ನಮ್ಮ ‘ಟುಡೆ ಮಾರ್ನಿಂಗ್’ ಮತ್ತು ‘ಯೆಸ್ಟರ್ಡೇ ನೈಟ್’. ಇಂಗ್ಲಿಷಿನವರ ಬಾಯಲ್ಲಿ ಅವು ‘ದಿಸ್ ಮಾರ್ನಿಂಗ್’, ‘ಲಾಸ್ಟ್ ನೈಟ್’.

ಅತಿ ಹೆಚ್ಚು ಜನ ಜಾರುವುದು ‘ಇಂದ’ ಬರುವ ಕಡೆ. ‘ಎರಡು ವರ್ಷದಿಂದ ಇಲ್ಲಿ ಕೆಲಸ ಮಾಡುತ್ತಿದ್ದೇನೆ’ ಎಂಬುದು ‘ಐ ಆ್ಯಮ್ ವರ್ಕಿಂಗ್ ಹಿಯರ್ ಸಿನ್ಸ್ ಟೂ ಇಯರ್ಸ್’ ಆಗಿಬಿಡುತ್ತದೆ. ಇದರಲ್ಲಿ ಎರಡು ತಪ್ಪಿವೆ. ಮೊದಲನೆಯದನ್ನು ಹಿಡಿಯಲು ಕನ್ನಡದಲ್ಲೇ ಪ್ರಶ್ನೆ ಕೇಳಿಕೊಳ್ಳಿ. ‘ಯಾವಾಗಿನಿಂದ?’ ಎಂಬುದಕ್ಕೆ ಉತ್ತರವಾದರೆ ಸಿನ್ಸ್: ‘ಸಿನ್ಸ್ 2022’, ‘ಸಿನ್ಸ್ ಜೂನ್’, ‘ಸಿನ್ಸ್ ಮಂಡೆ’. ‘ಎಷ್ಟು ಕಾಲದಿಂದ?’ ಎಂಬುದಕ್ಕೆ ಉತ್ತರವಾದರೆ ಫಾರ್: ‘ಫಾರ್ ಟೂ ಇಯರ್ಸ್’, ‘ಫಾರ್ ತ್ರೀ ಡೇಸ್’. ಲಾಸ್ಟ್ ಎಂಬ ಪದ ಕಂಡು ಮೋಸ ಹೋಗಬೇಡಿ. ‘ಸಿನ್ಸ್ ಲಾಸ್ಟ್ ಮಂಡೆ’ ಸರಿ, ಏಕೆಂದರೆ ಅದು ಶುರುವಾದ ದಿನ. ‘ಸಿನ್ಸ್ ದ ಲಾಸ್ಟ್ ತ್ರೀ ಮಂತ್ಸ್’ ತಪ್ಪು, ಅಲ್ಲಿರುವುದು ಅವಧಿ. ಅಲ್ಲಿ ಫಾರ್ ಬರಬೇಕು.

ಎರಡನೆಯ ತಪ್ಪು ಕ್ರಿಯಾಪದದ್ದು. ಹಿಂದೆ ಶುರುವಾಗಿ ಈಗಲೂ ನಡೆಯುತ್ತಿರುವ ಕೆಲಸಕ್ಕೆ ಕನ್ನಡದಲ್ಲಿ ‘ಮಾಡುತ್ತಿದ್ದೇನೆ’ ಸಾಕು. ಇಂಗ್ಲಿಷ್ ‘ಹ್ಯಾವ್ ಬೀನ್’ ಕೇಳುತ್ತದೆ: ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಟೂ ಇಯರ್ಸ್’. ಇದರ ಬದಲು ‘ಐ ವರ್ಕ್ಡ್ ಹಿಯರ್ ಫಾರ್ ಟೂ ಇಯರ್ಸ್’ ಎಂದು ಬರೆದರೆ ವ್ಯಾಕರಣವೇನೋ ಸರಿ, ಆದರೆ ಓದಿದವರು ನೀವು ಆ ಕೆಲಸ ಬಿಟ್ಟಾಗಿದೆ ಎಂದುಕೊಳ್ಳುತ್ತಾರೆ. ಕೆಲಸದ ಅರ್ಜಿಯಲ್ಲಿ ಇದು ಸಣ್ಣ ವಿಷಯವಲ್ಲ.

‘ಬೆಳಿಗ್ಗೆಯಿಂದ ಕಾಯುತ್ತಿದ್ದೇನೆ’ ಎನ್ನಲು ಫ್ರಂ ಹಾಕುವವರೂ ಇದ್ದಾರೆ. ಅದೂ ‘ಹ್ಯಾವ್ ಬೀನ್ ವೇಟಿಂಗ್ ಸಿನ್ಸ್ ದಿಸ್ ಮಾರ್ನಿಂಗ್’ ಆಗಬೇಕು. ಫ್ರಂ ಬೇಕಾಗುವುದು ಆರಂಭದ ಜೊತೆ ಕೊನೆಯನ್ನೂ ಹೇಳುವಾಗ, ಇಲ್ಲವೇ ಮುಂದೆ ಶುರುವಾಗಲಿರುವುದನ್ನು ಹೇಳುವಾಗ: ‘ಫ್ರಂ 10 ಟು 5’, ‘ಕ್ಲಾಸಸ್ ವಿಲ್ ಬಿಗಿನ್ ಫ್ರಂ ಮಂಡೆ’. ಈ ಎರಡನೆಯದು ನಮ್ಮಲ್ಲಿ ರೂಢಿ. ಬಿಗಿನ್ ಜೊತೆ ‘ಆನ್ ಮಂಡೆ’ ಎಂದರೆ ಇನ್ನೂ ಲಕ್ಷಣ. ಬಿಟ್ವೀನ್ ಬಂದರೆ ಟು ಬರಕೂಡದು. ‘ಬಿಟ್ವೀನ್ 10 ಆ್ಯಂಡ್ 5’ ಎನ್ನಬೇಕು.

ಮುಂದಿನದು ಗಡುವು. ‘5 ಗಂಟೆಯೊಳಗೆ ಕಳಿಸಿ’ ಎಂದರೆ ಗಡಿಯಾರದ ಒಂದು ಬಿಂದು, ಅದಕ್ಕೆ ‘ಬೈ 5’. ‘5 ಗಂಟೆಗಳೊಳಗೆ ಕಳಿಸಿ’ ಎಂದರೆ ಅವಧಿ, ಅದಕ್ಕೆ ‘ವಿದಿನ್ 5 ಅವರ್ಸ್’. ‘ವಿದಿನ್ 5 ಓ ಕ್ಲಾಕ್’ ಎಂಬುದು ಇಂಗ್ಲಿಷ್‌ನಲ್ಲಿ ಇಲ್ಲವೇ ಇಲ್ಲ.

ಬೈ ಮತ್ತು ಟಿಲ್ ನಡುವೆ ಆರಿಸಲು ಕ್ರಿಯಾಪದ ನೋಡಿ. ಒಮ್ಮೆ ಮಾಡಿ ಮುಗಿಸುವ ಕೆಲಸವಾದರೆ ಬೈ: ‘ಸಬ್ಮಿಟ್ ದ ಫಾರ್ಮ್ ಬೈ ಫ್ರೈಡೆ’. ಅಲ್ಲಿಯವರೆಗೂ ಎಳೆದುಕೊಂಡು ಹೋಗುವ ಸ್ಥಿತಿಯಾದರೆ ಟಿಲ್ ಅಥವಾ ಅಂಟಿಲ್: ‘ದ ಕೌಂಟರ್ ವಿಲ್ ಬಿ ಓಪನ್ ಟಿಲ್ ಫ್ರೈಡೆ’. ‘ಸಬ್ಮಿಟ್ ದ ಫಾರ್ಮ್ ಟಿಲ್ ಫ್ರೈಡೆ’ ಎಂದರೆ ಶುಕ್ರವಾರದವರೆಗೂ ಬಿಡದೆ ಫಾರಂ ಸಲ್ಲಿಸುತ್ತಲೇ ಇರಿ ಎಂದ ಹಾಗೆ. ಇನ್ನು ‘ಬಿಫೋರ್ 31 ಮಾರ್ಚ್’ ಎಂದಿದ್ದರೆ 30ಕ್ಕೇ ಮುಗಿಸಿ. ಸರ್ಕಾರಿ ಪ್ರಕಟಣೆಗಳಲ್ಲಿ ‘ಆನ್ ಆರ್ ಬಿಫೋರ್ 31 ಮಾರ್ಚ್’ ಎಂದು ಉದ್ದಕ್ಕೆ ಬರೆಯುವುದು 31ನೇ ತಾರೀಖೂ ಸೇರಿದೆ ಎಂದು ಅನುಮಾನವಿಲ್ಲದಂತೆ ಹೇಳಲಿಕ್ಕೆ.

‘ಎರಡು ದಿನ ಬಿಟ್ಟು ಫೋನ್ ಮಾಡುತ್ತೇನೆ’ ಎನ್ನಲು ‘ಐ ವಿಲ್ ಕಾಲ್ ಯೂ ಇನ್ ಟೂ ಡೇಸ್’ ಎನ್ನಿ. ಇಲ್ಲಿ ಇನ್ ಎಂದರೆ ‘ಒಳಗೆ’ ಅಲ್ಲ, ಎರಡು ದಿನ ಕಳೆದ ಮೇಲೆ ಎಂದು. ಅದಕ್ಕೂ ಮೊದಲೇ ಆಗಬಹುದು ಎನ್ನಬೇಕಿದ್ದರೆ ‘ವಿದಿನ್ ಟೂ ಡೇಸ್’. ಗಿರಾಕಿಗೆ ಮಾತು ಕೊಡುವಾಗ ಇವೆರಡನ್ನು ಅದಲುಬದಲು ಮಾಡಬೇಡಿ. ಹಾಗೆಯೇ ಮೈಸೂರಿನ ರೈಲು ವೇಳೆಗೆ ಸರಿಯಾಗಿ ಬಂದರೆ ‘ಆನ್ ಟೈಮ್’. ಅದು ಹೊರಡುವ ಮುಂಚೆ ನೀವು ಪ್ಲಾಟ್‌ಫಾರಂ ಮುಟ್ಟಿದರೆ ‘ಇನ್ ಟೈಮ್’.

ಇದೆಲ್ಲವನ್ನೂ ಒಂದು ರಜೆ ಚೀಟಿಯ ಮೇಲೆ ಪ್ರಯೋಗಿಸಿ ನೋಡಿ. ‘ಐ ಆ್ಯಮ್ ಹ್ಯಾವಿಂಗ್ ಫೀವರ್ ಸಿನ್ಸ್ ತ್ರೀ ಡೇಸ್. ಐ ವಿಲ್ ಸಬ್ಮಿಟ್ ದ ಸರ್ಟಿಫಿಕೇಟ್ ಟಿಲ್ ಮಂಡೆ.’ ತಿದ್ದಿದರೆ: ‘ಐ ಹ್ಯಾವ್ ಹ್ಯಾಡ್ ಎ ಫೀವರ್ ಫಾರ್ ತ್ರೀ ಡೇಸ್. ಐ ವಿಲ್ ಸಬ್ಮಿಟ್ ದ ಸರ್ಟಿಫಿಕೇಟ್ ಬೈ ಮಂಡೆ.’ ಹ್ಯಾವ್‌ಗೆ ಇಲ್ಲಿ ಐಎನ್‌ಜಿ ಹತ್ತುವುದಿಲ್ಲ, ಅದಕ್ಕೇ ‘ಹ್ಯಾವ್ ಹ್ಯಾಡ್’. ಅದೇ ಚೀಟಿಯಲ್ಲಿ ‘ಲೀವ್ ಟಿಲ್ 6 ಜೂನ್’ ಎಂದಷ್ಟೇ ಬರೆದರೆ 6ರಂದು ನೀವು ಕೆಲಸಕ್ಕೆ ಬರುತ್ತೀರೋ ಇಲ್ಲವೋ ತಿಳಿಯುವುದಿಲ್ಲ. ‘ಫ್ರಂ 4 ಟು 6 ಜೂನ್, ಬೋತ್ ಡೇಸ್ ಇನ್‌ಕ್ಲೂಸಿವ್’ ಎಂದು ಬರೆದರೆ ಮೂರು ದಿನದ ರಜೆ ಸ್ಪಷ್ಟ. ಕೆಳಗೆ ‘ಐ ವಿಲ್ ಬಿ ಬ್ಯಾಕ್ ಆನ್ 7 ಜೂನ್’ ಎಂದು ಸೇರಿಸಿದರೆ ಹಾಜರಿ ಬರೆಯುವವರು ಫೋನ್ ಮಾಡಿ ಕೇಳಬೇಕಿಲ್ಲ.