ಎಂಬ್ರಿಯೊ ಟ್ರಾನ್ಸ್‌ಫರ್‌ಗೆ ತಯಾರಿ: ಗಡಿಯಾರ ನೋಡಿ, ಪಂಚಾಂಗ ಅಲ್ಲ

ಐವಿಎಫ್‌ನಲ್ಲಿ (ಮೊಟ್ಟೆ, ವೀರ್ಯವನ್ನು ಲ್ಯಾಬಿನಲ್ಲಿ ಸೇರಿಸುವ ಚಿಕಿತ್ಸೆ) ಭ್ರೂಣ ಆಗಿದೆ, ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಟ್ಟಿದ್ದೇವೆ, ಮುಂದಿನ ಮುಟ್ಟಾದ ಮೇಲೆ ಬನ್ನಿ ಅಂತ ಡಾಕ್ಟರ್ ಹೇಳಿ ಕಳಿಸುತ್ತಾರೆ. ಆಮೇಲೆ? ಆ ಭ್ರೂಣವನ್ನು ಗರ್ಭಕೋಶದೊಳಗೆ ಇಡೋದೇ ಎಂಬ್ರಿಯೊ ಟ್ರಾನ್ಸ್‌ಫರ್. ಕಲಬುರಗಿ, ಬೀದರ್, ಯಾದಗಿರಿಯಿಂದ ಬಹಳ ಮಂದಿ ಇದಕ್ಕಾಗಿ ಹೈದರಾಬಾದ್‌ಗೋ ಸೊಲ್ಲಾಪುರಕ್ಕೋ ಬೆಂಗಳೂರಿಗೋ ಓಡಾಡುತ್ತಾರೆ. ನಾನೂ ಓಡಾಡಿದವಳೇ.

ಮೊದಲು ಕಾಗದ. ಎಷ್ಟು ಭ್ರೂಣ ಇವೆ, ಲ್ಯಾಬಿನಲ್ಲಿ ಬೆಳೆದ ಮೂರನೇ ದಿನದ್ದೋ ಐದನೇ ದಿನದ್ದೋ, ಇಡೋಕೆ ವರ್ಷಕ್ಕೆ ಎಷ್ಟು ಬಾಡಿಗೆ, ಎಲ್ಲವನ್ನೂ ಬರವಣಿಗೆಯಲ್ಲಿ ಕೇಳಿ. 2021ರ ಎಆರ್‌ಟಿ ಕಾಯ್ದೆ (ಐವಿಎಫ್‌ನಂಥ ಚಿಕಿತ್ಸೆಗಳ ಕಾನೂನು) ಪ್ರಕಾರ ಕ್ಲಿನಿಕ್ ನೋಂದಣಿ ಆಗಿರಬೇಕು, ನಿಮ್ಮ ಲಿಖಿತ ಒಪ್ಪಿಗೆ ಬೇಕು, ಭ್ರೂಣವನ್ನು ಹೆಚ್ಚೆಂದರೆ 10 ವರ್ಷ ಇಡಬಹುದು. ನಾವು ಹೋಗಿದ್ದ ಒಂದು ಕಡೆ ರಿಪೋರ್ಟ್ ಕೇಳಿದರೆ, 'ಅದೆಲ್ಲ ನಿಮಗೆ ತಿಳಿಯಲ್ಲ ಬಿಡ್ರಿ ಅಕ್ಕಾ' ಅಂದಿದ್ದರು. ತಿಳಿಸಿ ಹೇಳಲಿ ಅಂತಲೇ ಅಲ್ವಾ ದುಡ್ಡು ಕೊಡೋದು? ಥೈರಾಯ್ಡ್, ಶುಗರ್, ರಕ್ತದ ಪರೀಕ್ಷೆ ಊರಲ್ಲೇ ಮುಗಿಸಿ. ಫೋಲಿಕ್ ಆಸಿಡ್ ಮಾತ್ರೆ ನಿಲ್ಲಿಸಬೇಡಿ.

ಮುಟ್ಟಾದ ಎರಡು-ಮೂರನೇ ದಿನಕ್ಕೆ ಸ್ಕ್ಯಾನ್ ಮಾಡಿ, ಗರ್ಭಕೋಶದ ಒಳಪದರ ಬೆಳೆಸುವ ಎಸ್ಟ್ರಾಡಿಯಾಲ್ ಹಾರ್ಮೋನ್ ಮಾತ್ರೆ ಶುರು ಮಾಡುತ್ತಾರೆ. ಮುಟ್ಟು ಸರಿಯಾಗಿ ಬರುವವರಿಗೆ ಮಾತ್ರೆ ಇಲ್ಲದೆ, ತಾನಾಗಿ ಮೊಟ್ಟೆ ಬಿಡುಗಡೆಯಾಗುವ ಸಮಯ ನೋಡಿಯೂ ಮಾಡಬಹುದು, ಕೇಳಿ ನೋಡಿ. ಹತ್ತು-ಹನ್ನೆರಡು ದಿನದ ನಂತರ ಮತ್ತೆ ಸ್ಕ್ಯಾನ್. ಗರ್ಭಕೋಶದ ಒಳಪದರ ಸುಮಾರು 7 ಮಿಲಿಮೀಟರ್ ದಾಟಿ, ಮೂರು ಗೆರೆಯಾಗಿ ಕಾಣಬೇಕು. ಕಾಣಲಿಲ್ಲ ಅಂದರೆ ಮಾತ್ರೆ ಮುಂದುವರಿಸುತ್ತಾರೆ, ಇಲ್ಲವೇ ಆ ತಿಂಗಳು ಬಿಡುತ್ತಾರೆ. ಬೇಜಾರು ಆಗುತ್ತೆ, ನಿಜ. ಆದರೆ ಭ್ರೂಣ ಇನ್ನೂ ಟ್ಯಾಂಕ್‌ನಲ್ಲೇ ಇದೆ, ಏನೂ ಕಳೆದುಹೋಗಿಲ್ಲ.

ಪದರ ಬಂತು ಅಂದರೆ ಪ್ರೊಜೆಸ್ಟರಾನ್, ಅಂದರೆ ಭ್ರೂಣ ಹಿಡಿಯೋಕೆ ಪದರವನ್ನು ಸಿದ್ಧ ಮಾಡುವ ಹಾರ್ಮೋನ್. ಗಡಿಯಾರ ಓಡಲು ಶುರುವಾಗೋದು ಇಲ್ಲಿಂದ. ಐದನೇ ದಿನದ ಭ್ರೂಣ ಆದರೆ, ಸಾಮಾನ್ಯವಾಗಿ ಐದು ದಿನ ಪ್ರೊಜೆಸ್ಟರಾನ್ ತುಂಬಿದ ಮೇಲೆ ಟ್ರಾನ್ಸ್‌ಫರ್. ಗರ್ಭಕೋಶ ಭ್ರೂಣವನ್ನು ಹಿಡಿದುಕೊಳ್ಳುವ ಸಮಯ ಬಹಳ ಚಿಕ್ಕದು. ಹಾಗಾಗಿ ಅತ್ತೆಯವರು 'ಅವತ್ತು ಅಮವಾಸಿ ಅದ, ಒಂದ್ ದಿನ ಮುಂದ ಹಾಕ್ರಿ' ಅಂದರೆ ಆಗೋದಿಲ್ಲ. ಅಮವಾಸ್ಯೆ, ಮನೆ ಮದುವೆ, ಗಂಡನ ರಜೆ ಏನೇ ಇದ್ದರೂ ಪದರದ ಸ್ಕ್ಯಾನ್ ದಿನವೇ ಡಾಕ್ಟರಿಗೆ ಹೇಳಿ. ಎಸ್ಟ್ರಾಡಿಯಾಲ್ ದಿನಗಳನ್ನು ಸ್ವಲ್ಪ ಎಳೆಯಬಹುದು, ಪ್ರೊಜೆಸ್ಟರಾನ್ ಶುರುವಾದ ಮೇಲೆ ಎಳೆಯೋಕೆ ಬರಲ್ಲ. ರೈಲಿನ ಟಿಕೆಟ್ಟನ್ನೂ ಆ ತಾರೀಕು ಗೊತ್ತಾದ ಮೇಲೇ ಮಾಡಿಸಿ.

ಇನ್ನು ನಮ್ಮ ಬಿಸಿಲು. ಮೇ ತಿಂಗಳಲ್ಲಿ ಕಲಬುರಗಿ 40 ಡಿಗ್ರಿ ದಾಟುತ್ತದೆ, ಯೋನಿಯೊಳಗೆ ಇಡುವ ಪ್ರೊಜೆಸ್ಟರಾನ್ ಗುಳಿಗೆ ಕೆಲವು ಸೆಕೆಯಲ್ಲಿ ಮೆತ್ತಗಾಗಿ ಕರಗಿಬಿಡುತ್ತವೆ. ಮೆಡಿಕಲ್ ಅಂಗಡಿಯವರು ಸುಮ್ನೆ ಪ್ಲಾಸ್ಟಿಕ್ ಚೀಲದಲ್ಲಿ ಕೊಡುತ್ತಾರೆ, ಅದನ್ನ ಗಾಡಿ ಡಿಕ್ಕಿಯಲ್ಲಿ ಹಾಕಿ ಸೂಪರ್ ಮಾರ್ಕೆಟ್ ಸುತ್ತಿ ಬರಬೇಡಿ. ಡಬ್ಬಿ ಮೇಲೆ ಎಷ್ಟು ಡಿಗ್ರಿ ಅಂತ ಬರೆದಿರುತ್ತೆ, ಓದಿ. ಪ್ರಯಾಣಕ್ಕೆ ಐಸ್ ಪ್ಯಾಕ್ ಇಟ್ಟ ಸಣ್ಣ ಡಬ್ಬಿ ಸಾಕು, ಔಷಧಿ ಮಾತ್ರ ಐಸ್‌ಗೆ ತಾಗದ ಹಾಗೆ ಬಟ್ಟೆ ಸುತ್ತಿ. ಪ್ರೊಜೆಸ್ಟರಾನ್‌ನ ಎಣ್ಣೆಯ ಇಂಜೆಕ್ಷನ್ ಇದ್ದರೆ, ಯಾರು ಹಾಕುತ್ತಾರೆ, ಭಾನುವಾರ ಸಿಗುತ್ತಾರಾ ಅಂತ ಮೊದಲೇ ಗೊತ್ತು ಮಾಡಿಕೊಳ್ಳಿ. ಮೊಬೈಲ್‌ನಲ್ಲಿ ಅಲಾರಂ ಇಡಿ.

ಟ್ರಾನ್ಸ್‌ಫರ್ ದಿನ ಸ್ಕ್ಯಾನ್‌ನಲ್ಲಿ ಚೆನ್ನಾಗಿ ಕಾಣಲಿ ಅಂತ ನೀರು ಕುಡಿದು ಬರಲು ಹೇಳುತ್ತಾರೆ. ಕುಡಿಯಿರಿ, ಹೊಟ್ಟೆ ಒಡೆಯುವಷ್ಟು ಬೇಡ. ಅತ್ತರು, ಸೆಂಟ್ ಹಾಕಬೇಡಿ, ಲ್ಯಾಬಿನ ಗಾಳಿಗೆ ಆಗಿಬರಲ್ಲ. ಒಳಗೆ ಗಂಡ-ಹೆಂಡತಿ ಇಬ್ಬರ ಹೆಸರನ್ನೂ ಜೋರಾಗಿ ಓದಿಸಿ, ಭ್ರೂಣ ನಿಮ್ಮದೇ ಅಂತ ಖಾತ್ರಿಯಾಗಲಿ. ಕೆಲವೇ ನಿಮಿಷದ ಕೆಲಸ, ಸಾಮಾನ್ಯವಾಗಿ ಅರಿವಳಿಕೆ ಬೇಕಾಗಲ್ಲ. ಮುಗಿದ ಮೇಲೆ ಮೂತ್ರಕ್ಕೆ ಹೋದರೆ ಭ್ರೂಣ ಬೀಳೋದಿಲ್ಲ, ಧೈರ್ಯವಾಗಿ ಹೋಗಿ. ಹಾಸಿಗೆ ಬಿಟ್ಟು ಏಳಬಾರದು ಅನ್ನೋದಕ್ಕೂ ಆಧಾರ ಇಲ್ಲ. ಅಧ್ಯಯನಗಳಲ್ಲಿ ಮಲಗಿದವರಿಗೆ ಹೆಚ್ಚಿನ ಲಾಭ ಕಂಡಿಲ್ಲ. ರೊಟ್ಟಿ, ಬೇಳೆ, ಪಲ್ಯ ಎಲ್ಲಾ ತಿನ್ನಿ, ಮನೆಯಲ್ಲಿ ಓಡಾಡಿ, ಭಾರ ಮಾತ್ರ ಬೇರೆಯವರು ಎತ್ತಲಿ.

ಸುಮಾರು ಹತ್ತರಿಂದ ಹದಿನಾಲ್ಕು ದಿನದ ಕಾಯುವಿಕೆಯಲ್ಲಿ ಸ್ವಲ್ಪ ರಕ್ತ ಕಂಡರೆ ಎಲ್ಲ ಮುಗಿಯಿತು ಅಂತ ಔಷಧಿ ಬಿಟ್ಟುಬಿಡುವವರು ಇದ್ದಾರೆ. ದಯವಿಟ್ಟು ಬಿಡಬೇಡಿ. ಮಾತ್ರೆಯ ಸೈಕಲ್‌ನಲ್ಲಿ ಅಂಡಾಶಯ ಮೊಟ್ಟೆಯನ್ನೇ ಬಿಟ್ಟಿರುವುದಿಲ್ಲ, ಹಾಗಾಗಿ ದೇಹ ಬೇಕಾದಷ್ಟು ಪ್ರೊಜೆಸ್ಟರಾನ್ ತಾನೇ ಮಾಡಿಕೊಳ್ಳುವುದಿಲ್ಲ. ನೀವು ಹಾಕಿಕೊಳ್ಳೋದೇ ಆಧಾರ. ಗರ್ಭ ನಿಂತರೂ ಮಾಸು ಆ ಕೆಲಸ ವಹಿಸಿಕೊಳ್ಳುವ ತನಕ, ಅಂದರೆ ಹತ್ತು-ಹನ್ನೆರಡನೇ ವಾರದ ತನಕ, ಬೇಕಾಗುತ್ತದೆ. ಜಾಸ್ತಿ ರಕ್ತ ಹೋದರೆ, ಹೊಟ್ಟೆ ತೀರಾ ನೋವಾದರೆ ರಾತ್ರಿಯಾದರೂ ಫೋನ್ ಮಾಡಿ. ಆ ನಂಬರ್ ಮೊದಲೇ ತೆಗೆದುಕೊಂಡಿರಿ.

ಮನೆಯಲ್ಲಿ ಮೂತ್ರದ ಕಡ್ಡಿ ಬೇಗ ಹಾಕಿ ನೋಡಿದರೆ ಇದ್ದದ್ದೂ ಇಲ್ಲ ಅಂತ ತೋರಿಸಬಹುದು. ಗರ್ಭ ನಿಂತಿದೆಯಾ ಅಂತ ತಿಳಿಸುವ ಬೀಟಾ ಎಚ್‌ಸಿಜಿ ರಕ್ತಪರೀಕ್ಷೆಯನ್ನು ಊರಲ್ಲೇ ಮಾಡಿಸಿ ವಾಟ್ಸ್ಯಾಪ್‌ನಲ್ಲಿ ಕಳಿಸಿದರೆ ಆಯಿತು, ಅದಕ್ಕಾಗಿ ಮತ್ತೆ ಹೈದರಾಬಾದ್ ಬಸ್ಸು ಹತ್ತೋದು ಬೇಡ. 48 ಗಂಟೆ ಬಿಟ್ಟು ಇನ್ನೊಮ್ಮೆ ಮಾಡಿಸಲು ಹೇಳಿದರೆ ಅದೇ ಲ್ಯಾಬ್‌ಗೇ ಹೋಗಿ, ಲ್ಯಾಬ್‌ನಿಂದ ಲ್ಯಾಬ್‌ಗೆ ಅಂಕಿ ಬೇರೆ ಬರುತ್ತದೆ.